ಆ ಒಂದು ಪೊದೆ

ಹಾರ್ನ್ಸ್‌ಬಿಯ ಹಿಂದಿನ ಕಣಿವೆಗೆ ತಿಂಗಳ ಮೂರನೇ ಭಾನುವಾರ
ನಾವು ಏಳು ಜನ ಇಳಿಯುತ್ತೇವೆ. ಮಳೆ ಬಂದರೆ ನಾಲ್ಕು.
ಗ್ಲೆನಿಸ್‌ಗೆ ಎಪ್ಪತ್ತೆಂಟು; ಮಂಡಿಗೆ ರಬ್ಬರು ದಿಂಬು ಕಟ್ಟಿ
ನೆಲಕ್ಕೆ ಕೂತರೆ ಊಟದ ಹೊತ್ತಿಗೇ ಏಳುವುದು.
ಫಾಮ್ ಹೊಲಿಗೆ ಬಿಟ್ಟ ದರ್ಜಿ,
ಬೇರಿನ ಸುತ್ತಲ ಮಣ್ಣನ್ನು ಕಾಜ ಬಿಡಿಸಿದ ಹಾಗೆ ಬಿಡಿಸುತ್ತಾನೆ.
ನಾನು ವಾರವೆಲ್ಲ ಬಸ್ಸು ಓಡಿಸುವವಳು.
ಇಲ್ಲಿ ನನ್ನ ಪಾಲಿಗೆ ಬಂದದ್ದು ಲಾಂಟಾನ ಕೀಳುವ ಕೆಲಸ.

ಗುರುತು ಹೇಳಿಕೊಡಬೇಕಾಗಿರಲಿಲ್ಲ.
ಎಲೆ ಹೊಸಕಿದರೆ ಅದೇ ನಾತ.
ಗೌರಿಬಿದನೂರಿನ ರೈಲು ಹಳಿಯ ಪಕ್ಕ
ಇದರ ಕರೀ ಹಣ್ಣು ಮೆದ್ದು, ಬಣ್ಣ ಹತ್ತಿದ ನಾಲಗೆ ತೋರಿಸಿ
ಏಟು ತಿಂದವಳು ನಾನು.
ಓ, ನೀನೂ ಇಲ್ಲೇ ಇದೀಯಾ, ಅಂದೆ ಮೊದಲ ದಿನ.
ಕೈಗವಸು ದಾಟಿ ಚುಚ್ಚಿ ಮಾತಾಡಿಸಿತು.

ಎಡವಟ್ಟಾದದ್ದು ನೀಲಗಿರಿಯ ವಿಷಯದಲ್ಲಿ.
ನಮ್ಮ ಕಡೆ ಅದು ಬಾವಿ ಕುಡಿದ ಮರ,
ಸಸಿ ಕಿತ್ತವರಿಗೆ ಭೇಷ್ ಅನ್ನುತ್ತಿದ್ದರು.
ಆ ಅಭ್ಯಾಸದ ಕೈ
ಗೇಣುದ್ದದ ಒಂದನ್ನು ಎಳೆದೇಬಿಟ್ಟಿತು.
ಗ್ಲೆನಿಸ್ ಬಯ್ಯಲಿಲ್ಲ. ತನ್ನ ಬಾಟಲಿಯ ನೀರು ಸುರಿದು ಮತ್ತೆ ಹೂತು
ಸುತ್ತ ಮೂರು ಕಡ್ಡಿ ಊರಿದಳು:
"ಇದರಲ್ಲಿ ಗೂಬೆಗೆ ಪೊಟರೆಯಾಗಲು ನೂರೈವತ್ತು ವರ್ಷ ಬೇಕು.
ಐದು ನಿಮಿಷ ತಡವಾಯಿತು, ಅಷ್ಟೆ."

ಈ ಅಕ್ಟೋಬರಿಗೆ ತೊರೆಯ ದಡ ಮುಟ್ಟಿದೆವು.
ಕೊನೆಯ ದೊಡ್ಡ ಪೊದೆ, ನನಗಿಂತ ಎತ್ತರ.
ಗರಗಸ ಇಟ್ಟಿದ್ದೆ,
ಒಳಗಿಂದ ಚಿರ್ರ್ ಎಂದಿತು.
ಬೊಗಸೆ ತುಂಬದ ಹುಲ್ಲಿನ ಗುಂಡು, ಪಕ್ಕದಲ್ಲಿ ಬಾಗಿಲು,
ಒಳಗೆ ಮೂರು ತೆರೆದ ಬಾಯಿ.
ಅಪ್ಪ ಹಕ್ಕಿ, ನೀಲಿ ತಲೆಯದು,
ಹೆಬ್ಬೆಟ್ಟಿನಷ್ಟಿದ್ದುಕೊಂಡು ಬಾಲ ನಿಮಿರಿಸಿ
ನನ್ನ ಬೂಟಿನೆದುರು ಜಗಳಕ್ಕೆ ನಿಂತಿತು.

ಮುಳ್ಳು ತೆಗೆದರೆ ಬೆಕ್ಕು, ನರಿ.
ನಾವು ಕಾಯುತ್ತಿರುವ ಈ ನೆಲದ ಗಿಡಗಳಿಗೆ
ಇನ್ನೂ ಮೊಳಕಾಲೆತ್ತರ.
ಗ್ಲೆನಿಸ್ ಜೇಬಿನಿಂದ ಕಿತ್ತಳೆ ರಿಬ್ಬನ್ನು ತೆಗೆದು
ಆ ಪೊದೆಗೆ ಕಟ್ಟಿದಳು, ಯಾರೂ ಮುಟ್ಟಕೂಡದೆಂದು.
ಹನ್ನೊಂದು ವರ್ಷ ಕಡಿದ ಗಿಡಕ್ಕೆ
ಕಟ್ಟುವಾಗ ಅವಳ ಕೈ ಸ್ವಲ್ಪ ಬಿಗುಮಾನ ಮಾಡಿತು.
ಫಾಮ್ ನಕ್ಕ. ನಾನು ಗರಗಸ ಮಡಿಸಿ ಚಹಾ ಬಗ್ಗಿಸಿದೆ.

ಸೋಮವಾರ, ಮೊದಲ ಟ್ರಿಪ್ಪು.
ಕಣಿವೆಯ ಮೇಲಿನ ತಿರುವಿನಲ್ಲಿ ಬಸ್ಸು ತಾನಾಗಿ ನಿಧಾನಿಸಿತು.
ಅಲ್ಲಿಂದ ರಿಬ್ಬನ್ನು ಕಾಣುವುದಿಲ್ಲ, ಗೊತ್ತು.
ಹಿಂದೆ ಯಾರೋ ಗಡಿಯಾರ ನೋಡಿಕೊಂಡರು.
ಕಿಟಕಿ ಇಳಿಸಿ, ಒಂದೇ ಒಂದು ಉಸಿರಿನಷ್ಟು ಹೊತ್ತು
ಕಿವಿಗೊಟ್ಟೆ.