ಎರಡೂವರಿ ಪಾಳಿ

ರಾತ್ರಿ ಎರಡೂವರಿಗೆ ನನ್ನ ಪಾಳಿ.
ಶಹಾಪುರದ ಗುಡ್ಡ ಅಂಗಾತ ಮಲಗ್ಯದ,
ಅದಕ್ಕ ಉಸಿರು ಹಾಕವರು ಬೇಕಿಲ್ಲ.
ಕೆರಿಗೆ ಬೇಕು.

ಹಗಲೆಲ್ಲ ಪಾಚಿ ಕೈತುಂಬ ಬಡಿಸ್ತದ,
ಹೊತ್ತು ಮುಳುಗಿತಂದ್ರ
ತಾ ಬಡಿಸಿದ್ದು ತಾನೇ ಉಣ್ಣಾಕ ಕೂಡ್ತದ,
ಬೀಗರು ಏಳೂತನಾ ತಡಿಲಾರದ ಮಾವನಂಗ.
ಮೀನಿಗೆ ಉಳಿಯೋದು ಬೆಳಗಿನ ಜಾವದ ತಳ.

ಕಾಲುವಿ ಬಂದ ಮ್ಯಾಲ ಮ್ಯಾಲಿನ ಹೊಲ ಎಲ್ಲಾ ಭತ್ತ.
ಯೂರಿಯಾ ಚೆಲ್ಲಿದ ವಾರಕ್ಕ ಮಳಿ,
ಮಳಿಯಾದ ವಾರಕ್ಕ ಕೆರಿ ಹಚ್ಚಹಸರು.
ಏರಿ ಮ್ಯಾಲ ನಿಂತು ಫೋಟೋ ಹೊಡಕೊಂಡ್ರು ಮಂದಿ.
ಸಾಬಮ್ಮ ಮೂಗಿಗೆ ಸೆರಗು ಹಿಡಿದು,
'ಚಂದ ಅಲ್ಲ ಇದು, ಜ್ವರ' ಅಂದಳು.

ಸೊಸೈಟಿಗೆ ನಾಕು ಚಕ್ರ ಬಂದ್ವು.
'ನಟ್ಟನಡುವ ಇಡ್ರಿ' ಅಂದ ಸಾಹೇಬ.
'ನಡುಗಡ್ಡಿ ಕಡೆ ಸಪ್ಪಳ ಬ್ಯಾಡ,
ಜಾಲಿ ತುಂಬ ಕೊಕ್ಕರಿ ಗೂಡು ಅವ.
ಏರಿ ಬುಡಕ ಆಳ ಅದ, ಅಲ್ಲಿಡ್ರಿ.
ಆಪು ಕೊಯ್ಯಿರಿ, ಬೋಳಿಸಬ್ಯಾಡ್ರಿ,
ಮೂರರಾಗ ಒಂದು ಪಾಲು ಬಿಡ್ರಿ,
ನೀರಕೋಳಿ ಎಲ್ಲಿಗೆ ಹೋಗಬೇಕು ಬಾಣಂತನಕ್ಕ?'
ಸಾಹೇಬ ಎಲ್ಲಾ ಬರಕೊಂಡ,
ಅವಳ ಹೆಸರು ಮಾತ್ರ ತಪ್ಪು ಬರೆದ.

ಈಗ ಎರಡು ಚಕ್ರ ನೆಟ್ಟಗ ತಿರಗ್ತಾವ.
ಮೂರನೇದು ಕಾವಿಗೆ ಕುಂತ ಕೋಳಿಯಂಗ ಗುರಗುಡ್ತದ.
ನಾಕನೇದರ ಗೇರು ಯುಗಾದಿಯಿಂದ
ಯಾದಗಿರಿ ಸ್ಟೇಷನ್ ರೋಡಿನ ಅಂಗಡ್ಯಾಗ.
ಅದರ ಖಾಲಿ ತೇಲುಡಬ್ಬಿ ಅಷ್ಟೇ
ಆಪಿನ ಅಂಚಿಗೆ ಕಟ್ಟಿ ಬಿಟ್ಟೀವಿ.

ಮೊನ್ನಿ, ಮೋಡ ಮುಚ್ಚಿದ ಮೂರನೇ ರಾತ್ರಿ,
ಮೀಟರು ಮೂರೂವರಿ ತೋರಿಸ್ತು, ಆಮ್ಯಾಲ ಮೂರು,
ಆಮ್ಯಾಲ ಕರೆಂಟೇ ಹೋತು.
ಚಕ್ರ ನಿಂತ ಮ್ಯಾಲ ಕಿವಿಗೆ ಬಿತ್ತು:
ಚುಪ್, ಚುಪ್, ಚುಪ್ಪಚುಪ್ಪ.
ಮಳಿ ಅಂದುಕೊಂಡೆ. ಅಂಗೈ ಚಾಚಿದೆ. ಒಣಾ.
ಬ್ಯಾಟರಿ ಬಿಟ್ಟು ನೋಡ್ತೀನಿ,
ಕೆರಿ ತುಂಬ ಬಾಯಿ.
ತಳದಿಂದ ಮ್ಯಾಲಕ್ಕ ಬೀಳೋ ಮಳಿ ಅದು.

ಮೌಲಾಲಿಗೆ ಫೋನು ಹತ್ತಲಿಲ್ಲ.
ಡೀಸೆಲ್ ಎಂಜಿನ್ ಇಳಿಸಿ ಪೈಪು ಬಿಟ್ಟೆ,
ತೂಬಿನ ಕಲ್ಲಿಗೆ ನೀರು ಬಡಿಯೂಹಂಗ ಮಾಡಿದೆ.
ನೀರು ಎತ್ತಿ ನೀರಿಗೇ ಹಾಕೋದು,
ಹಗಲು ನೋಡಿದವರು ಹುಚ್ಚ ಅಂದಾರು.
ಖರೇ, ಬಿದ್ದ ನೀರು ಬರಿಗೈಲೆ ಬೀಳೂದಿಲ್ಲ,
ಮುಷ್ಟಿಯಾಗ ಒಂದಿಷ್ಟು ಗಾಳಿ ಹಿಡಕೊಂಡೇ ಮುಳುಗ್ತದ.

ಆ ಮೂಲಿಗೆ ಪೈಪು ಮುಟ್ಟಲಿಲ್ಲ.
ಸಾಬಮ್ಮ ಹರಗೋಲು ತಂದಳು, ಮೊಣಕಾಲು ಮಟ ಸೀರಿ ಕಟ್ಟಿ.
ಹುಟ್ಟಿನಿಂದ ನೀರು ಬಡಿದಳು, ನಾನೂ ಬಡಿದೆ,
ಅಗಸರ ಹಂಗ, ಬೈಗಳ ಹಂಗ,
ತೋಳು ನಮ್ಮವಲ್ಲ ಅನಿಸೂತನಾ.

ಬೆಳಕು ಹರಿತು. ಮೂವತ್ತೇಳು ರೋಹು ಹೊಟ್ಟಿ ಮ್ಯಾಲ.
ಉಳಿದವು ಇನ್ನಾ ಮಬ್ಬಿನಾಗ ತೇಲ್ತಿದ್ವು,
ಅಷ್ಟರಾಗ ನಡುಗಡ್ಡಿಯಿಂದ ಕೊಕ್ಕರಿ ಬಂದ್ವು,
ಹೆಕ್ಕಿ ಹೆಕ್ಕಿ ಮರಿಗೆ ಒಯ್ದವು.
'ರಾತ್ರಿಯೆಲ್ಲ ಯಾರಿಗೆ ಬಡದೀವಿ ನಾವು?' ಅಂದೆ.
ಸಾಬಮ್ಮ ಸೆರಗು ಹಿಂಡಿದಳು.
'ಚಹಾ ಅದನ?' ಅಂದಳು.

ಹರಗೋಲು ಕಟ್ಟೋವಾಗ ಕಂಡಿದ್ದು ಇದು:
ನಾಕನೇ ಚಕ್ರದ ತೇಲುಡಬ್ಬಿ ಮ್ಯಾಲ
ನೀರಕೋಳಿ ಹುಲ್ಲು ಹಾಸ್ಯದ.
ಚುಕ್ಕಿ ಚುಕ್ಕಿ ತತ್ತಿ, ಏಳು.
ರಾತ್ರಿ ಅಷ್ಟು ಬಡಿದರೂ ಎದ್ದಿಲ್ಲ ಪುಣ್ಯಾತ್ಗಿತ್ತಿ,
ಕೆಂಪ ಹಣಿ ಎತ್ತಿ ನಮ್ಮನ್ನ ದುರುಗುಟ್ಟಿ ನೋಡ್ತು.

ಆಗ ಬಂತು ಮೌಲಾಲಿ ಫೋನು:
'ಗೇರು ರೆಡಿ ಅದ, ಇವತ್ತೇ ಹಚ್ಚಲೇನು?'
ಮೀಟರ್ ನೋಡಿದೆ. ಮೋಡ ನೋಡಿದೆ.
'ಇಪ್ಪತ್ತು ದಿನ ತಡಿ,' ಅಂದೆ.
'ಹುಚ್ಚೇನು? ಅಲ್ಲಿತನಾ?'
ಸಾಬಮ್ಮ ಆಗಲೇ ಹುಟ್ಟು ತೊಳದು
ಬಿಸಲಿಗೆ ಒರಗಿಸಿದ್ದಳು.