ಗಜಕರ್ಣ

ಮಂಗಳೂರು ಬಸ್ಸಿನ ಕಂಡಕ್ಟರು
ಐಸ್ ಡಬ್ಬಿ ಕೊಡುತ್ತ ಕೇಳಿದ: ಮೀನಾ ಮೇಡಂ?
ಅಲ್ಲ, ಚರ್ಮ ಅಂದೆ.
ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಹಾಸನದ ಪಶುವೈದ್ಯ ಕಾಲೇಜಿನ ಹಿಂದಿನ ಕೋಣೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಬೂಷ್ಟು ಬೆಳೆಸುತ್ತಿದ್ದೇನೆ.
ಮನೆಯಲ್ಲಿ ಬ್ರೆಡ್ಡಿಗೆ ಬಂದರೆ ಅತ್ತೆ ಬೈಯುತ್ತಾರೆ,
ಇಲ್ಲಿ ಬಾರದಿದ್ದರೆ ಡಾಕ್ಟರ್ ತನ್ವೀರಾ.
ದುದ್ದದ ಎಮ್ಮೆಗರು, ಪೊಲೀಸ್ ಕ್ವಾರ್ಟರ್ಸಿನ ನಾಯಿ,
ಮದುವೆ ಮೆರವಣಿಗೆಯ ಬಿಳಿ ಕುದುರೆ:
ಎಲ್ಲರ ತುರಿಕೆ ಬಲ್ಲೆ.
ಇದರದು ಹೇಗೋ.

ಚೀಟಿಯಲ್ಲಿ ಟೈಪು: ಕಡಲಸಿಂಹ. ಹೆಣ್ಣು. ಹನ್ನೊಂದು ವರ್ಷ.
ಕೆಳಗೆ ಪೆನ್ಸಿಲಲ್ಲಿ, ಬೇರೆ ಕೈ:
ಹೆಸರು ಚಂಪಿ.

ಫೋಟೋದಲ್ಲಿ ಕತ್ತಿನ ಮೇಲೆ ಐದು, ರೆಕ್ಕೆಗಾಲಿನಡಿ ಎರಡು,
ಕೂದಲುದುರಿದ ಬಿಲ್ಲೆ.
ನಮ್ಮಜ್ಜಿ ಇದನ್ನು ಗಜಕರ್ಣ ಅನ್ನುತ್ತಿದ್ದಳು.
ಹುಣಸೆಬೀಜದಷ್ಟು ಕಿವಿಯವಳಿಗೆ
ಮೈತುಂಬ ಆನೆಕಿವಿ.

ಪೊಟ್ಯಾಶ್ ಹನಿ ಬಿಟ್ಟು, ಗಾಜು ಬೆಚ್ಚಗೆ ಮಾಡಿ, ಬಗ್ಗಿದೆ:
ನೂಲು, ಕವಲು, ಮತ್ತೆ ಕವಲು.
ಹದಿನಾರನೆಯ ದಿನ ತಟ್ಟೆಯ ಮೇಲೆ ಬಿಳಿ ಅರಳೆ.
ತಿರುಗಿಸಿದರೆ ಬೆನ್ನು ಬೀಟ್‌ರೂಟು.

ಡಾಕ್ಟರ್ ಬಹಳ ಹೊತ್ತು ನೋಡಿದರು.
ಇದು ಕಡಲಿನದಲ್ಲ ಕಣೇ, ಮನುಷ್ಯರದು.

ಫೋನಿನಲ್ಲಿ ಸಾಕುವವನು, ಮೋನಪ್ಪ.
ನೀರು ಯಾವುದು?
ಬೋರ್‌ವೆಲ್ಲಿದು ಮೇಡಂ. ಉಪ್ಪು ದುಬಾರಿ ಅಂತ ಈ ವರ್ಷ ಹಾಕುತ್ತಿಲ್ಲ.
ಸಮುದ್ರ ಎಷ್ಟು ದೂರ?
ಗೋಡೆಯಾಚೆ. ರಾತ್ರಿ ಅವಳು ಆ ಕಡೆ ತಲೆಯಿಟ್ಟೇ ಮಲಗುವುದು.
ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ.
ಆಮೇಲೆ ಅಲ್ಲಿಂದ ಮಾತಿಲ್ಲ,
ಪಂಪಿನ ಸದ್ದು ಮಾತ್ರ.

ಉಪ್ಪು ತಿಂದವರು ನೀರು ಕುಡಿಯಲಿ, ಸರಿ.
ಉಪ್ಪೇ ಕಾಣದವಳು
ಈ ಸಪ್ಪೆ ನೀರು ಯಾರ ಲೆಕ್ಕಕ್ಕೆ ಕುಡಿಯುತ್ತಿದ್ದಾಳೆ?

ಡಾಕ್ಟರ್ ಹೇಳಿದರು, ನಾನು ಬರೆದುಕೊಂಡೆ:
ಕೊಳಕ್ಕೆ ಉಪ್ಪು, ಮೂಟೆಗಟ್ಟಲೆ.
ದಿನಕ್ಕೆರಡು ಗಂಟೆ ಒಣ ಕಟ್ಟೆ, ಬಿಸಿಲು.
ಗುಳಿಗೆ ಬಂಗುಡೆಯ ಕಿವಿರಿನೊಳಗೆ, ಎಂಟು ವಾರ,
ತಿಂಗಳಿಗೊಮ್ಮೆ ರಕ್ತ, ಲಿವರ್ ನೋಡಲು.
ನೀವು ಮನುಷ್ಯರ ಡಾಕ್ಟರ ಹತ್ತಿರ ಹೋಗಿ,
ಕೊಡುವುದು ಇದೇ ಗುಳಿಗೆ. ಅಲ್ಲಿಯವರೆಗೆ ಗವಸು.
ಗವಸಿನ ಕೈಯಿಂದ ತಿನ್ನುವುದಿಲ್ಲ ಮೇಡಂ, ಅಂದ.
ತಿನ್ನಿಸಿ, ಅಂದರು.

ಒಂಬತ್ತನೆಯ ವಾರ ಮತ್ತೆ ಡಬ್ಬಿ. ಎರಡು ಸೀಸೆ.
ಅವಳ ತಟ್ಟೆ ತಿಂಗಳಿಟ್ಟರೂ ಖಾಲಿ, ತಿಳಿ.
ಇನ್ನೊಂದರಲ್ಲಿ ಬೀಟ್‌ರೂಟು.

ಮ್ಯಾನೇಜರು ಅವಳಿಗೆ ಅರ್ಧ ಕೋರ್ಸಷ್ಟೇ ತರಿಸಿದ್ದು.
ಬಂಗುಡೆ ಬರಿದೇ ಹೋಗಬಾರದಲ್ಲ ಮೇಡಂ.

ಮನುಷ್ಯರ ಸ್ಯಾಂಪಲ್ ನಾವು ತೆಗೆದುಕೊಳ್ಳುವಂತಿಲ್ಲ.
ರಿಜಿಸ್ಟರಿನಲ್ಲಿ ಪ್ರಾಣಿ ಎಂಬ ಕಾಲಮಿಗೆ
ಏನೂ ತುಂಬಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿಂದ, ಅಳಿಸಲು ಬರುವ ಹಾಗೆ,
ಹೆಸರು ಬರೆದೆ.