ನಾಲ್ಕಾಣೆಯ ಸಾವು

ಮುಹರ್ರಕ್‌ನ ಓಣಿಗೆ ಏಸಿ ರಿಪೇರಿಗೆಂದು ಹೋದರೆ
ಮುದುಕ ಜುಮಾ ಮೊದಲು ಕೇಳಿದ್ದು:
ನೀನು ಉಸಿರು ಎಷ್ಟು ಹೊತ್ತು ಕಟ್ಟಬಲ್ಲೆ?

ಅರ್ಧ ಅರಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆ.
ನಾನು ಫಿಲ್ಟರ್ ತೊಳೆಯುತ್ತಿದ್ದೆ, ಅವನು ಹೇಳುತ್ತಿದ್ದ.

ಅವನಜ್ಜ ಖಲ್ಫಾನ್ ಮುತ್ತಿಗೆ ಮುಳುಗುವವನು.
ಚಳಿಗಾಲ. ದೋಣಿಗಳೆಲ್ಲ ದಡದಲ್ಲಿ ಒರಗಿ ಮಲಗಿದ್ದವು,
ನಖೋದನ ಪುಸ್ತಕದಲ್ಲಿ ಸಾಲ ಮಾತ್ರ ಎಚ್ಚರವಾಗಿತ್ತು.
ಹಡಗಿನಿಂದ ಒಬ್ಬ ದೊರೆ ಇಳಿದ,
ಮೂರು ಕಾಲಿನ ಮೇಲೊಂದು ಪೆಟ್ಟಿಗೆ, ಪಕ್ಕಕ್ಕೊಂದು ಹಿಡಿ.
ಬಸ್ರಾದ ಯುದ್ಧ ಇಲ್ಲೇ ಮಾಡಬೇಕು ಅಂದನಂತೆ,
ಅಲ್ಲಿ ನಿಜವಾಗಿ ನಡೆಯುವಾಗ ಬೆಳಕು ಸರಿಯಿರಲಿಲ್ಲವಂತೆ.

ಬೆಳಿಗ್ಗೆ ತುರ್ಕಿ ಟೋಪಿ, ಮಧ್ಯಾಹ್ನ ನಮ್ಮ ಸಿಪಾಯಿಗಳ ಮುಂಡಾಸು.
ಕೊಂದವನೇ ಉಂಡು ಬಂದು ಸಾಯಬೇಕು.
ಒಂದು ಸಾವಿಗೆ ನಾಲ್ಕಾಣೆ,
ಆಗ ಇಲ್ಲೂ ನಮ್ಮದೇ ರೂಪಾಯಿ, ನಮ್ಮದೇ ಆಣೆ,
ಒಂಟೆಯ ಮೇಲಿಂದ ಬಿದ್ದು ಸತ್ತರೆ ಆರು.

ಉಳಿದ ಹೆಣಗಳ ಹೊಟ್ಟೆ ಏರಿಳಿಯುತ್ತಿತ್ತು.
ಖಲ್ಫಾನನದು ಇಲ್ಲ.
ಹನ್ನೆರಡು ಮಾರು ನೀರಿನಡಿ ಕಲಿತ ವಿದ್ಯೆ.
ಕಣ್ಣು ತೆರೆದೇ ಇತ್ತು, ತುಟಿಗೆ ನೊಣ ಕೂತಿತ್ತು,
ದೊರೆ ಹಿಡಿ ತಿರುಗಿಸಿ ತಿರುಗಿಸಿ ಕೊನೆಗೆ ಹೆದರಿ
ಪೆಟ್ಟಿಗೆ ಬಿಟ್ಟು ಓಡಿಬಂದು ಎದೆಗೆ ಕಿವಿಯಿಟ್ಟ.
ಆ ಸಾವಿಗೆ ಇಡೀ ಒಂದು ರೂಪಾಯಿ.
ನಖೋದ ಹನ್ನೆರಡಾಣೆ ಮುರಿದುಕೊಂಡ.

ಆ ಮೂಕಿ ಪಟ?
ಈ ಊರಿನ ಯಾರೂ ನೋಡಲಿಲ್ಲ.
ಬೊಂಬಾಯಿಯಲ್ಲಿ ಗೋದಾಮಿನ ಜೊತೆ ಸುಟ್ಟಿತಂತೆ.
ಅಲ್ಲ, ಅಂದ ಜುಮಾ, ರೀಲು ತೊಳೆದು ಬೆಳ್ಳಿ ತೆಗೆದರು,
ಉಳಿದ ಸಿಪ್ಪೆ ಕಾಯಿಸಿ ಬಳೆ ಮಾಡಿ ಮಾರಿದರು.
ಯಾವ ಊರಿನ ಯಾರ ಮುಂಗೈಯಲ್ಲೋ
ಅಷ್ಟೊಂದು ಜನ ಸದ್ದು ಮಾಡಿದರು.
ನಮ್ಮಜ್ಜಿಗೂ ಅಂಥ ಜೋಡಿಯೊಂದಿತ್ತು, ಕಂದು ಬಣ್ಣದ್ದು.
ನಾನು ಹೇಳಲಿಲ್ಲ.
ಹೇಳಿದ್ದರೆ ಕತೆ ತೀರಾ ಚೆನ್ನಾಗಿಬಿಡುತ್ತಿತ್ತು.

ಮುಂದಿನ ಬೇಸಿಗೆಗೆ ಖಲ್ಫಾನ್ ಮುಳುಗಿದ.
ಮೇಲೆ ಹಗ್ಗ ಹಿಡಿದವನೂ ಆ ಯುದ್ಧದಲ್ಲಿ ಸತ್ತಿದ್ದವನೇ,
ಇವನ ದಮ್ಮು ಗೊತ್ತಿದ್ದವನು.
ಸ್ವಲ್ಪ ಹೊತ್ತು ಕಾದನಂತೆ, ನಗುತ್ತಾ.
ಆಮೇಲೆ ಎಳೆದನಂತೆ.

ಏಸಿ ಶುರುವಾಯಿತು. ಇಪ್ಪತ್ನಾಲ್ಕಕ್ಕೆ ಇಡು, ಅಂದ.
ಏಳು ದಿನಾರ್ ಎಣಿಸಿ ಕೊಟ್ಟ, ರಸೀದಿ ಕೇಳಿದ.

ವ್ಯಾನಿನಲ್ಲಿ ಕೂತು, ಗಾಜೇರಿಸಿ, ಮೂಗು ಹಿಡಿದೆ.
ನಲವತ್ತೊಂದಕ್ಕೆ
ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು.